ವೆಂಟಿಲೇಟರ್ ತೆಗೆಸಿದರೆ ಅದು ನರಹತ್ಯೆಯೇ? ಲಿವಿಂಗ್ ವಿಲ್ ಬರೆಯುವುದು ಅವಿಶ್ವಾಸವೇ?

ಪ್ರಶ್ನೆ: ನಮ್ಮದು ಹುಬ್ಬಳ್ಳಿಯ ಕ್ರೈಸ್ತ ಸಭೆಯೊಂದಕ್ಕೆ ಸೇರಿದ ಕುಟುಂಬ. ಹೋದ ವರ್ಷ ನಮ್ಮ ತಂದೆಯವರಿಗೆ ಮೆದುಳಿನಲ್ಲಿ ತೀವ್ರ ರಕ್ತಸ್ರಾವವಾಗಿ ಮೂರು ವಾರ ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದರು. ಇನ್ನು ಚೇತರಿಕೆ ಸಾಧ್ಯವಿಲ್ಲವೆಂದು ವೈದ್ಯರು ಹೇಳಿದ ಮೇಲೆ ನಾನು ಮತ್ತು ತಮ್ಮ ಸಹಿ ಹಾಕಿ ಅವರನ್ನು ಮನೆಗೆ ಕರೆತಂದೆವು. ಅದೇ ರಾತ್ರಿ ತೀರಿಕೊಂಡರು. ಖರ್ಚನ್ನು ಇನ್ನು ತಾಳಲಾರೆವು ಎಂಬ ಯೋಚನೆಯೂ ಆಗ ನಮಗಿತ್ತು. ದೂರದ ಊರಿನಲ್ಲಿರುವ ಅಣ್ಣ ಇಂದಿಗೂ "ಅಪ್ಪನನ್ನು ನೀವೇ ಕೊಂದಿರಿ" ಎನ್ನುತ್ತಾನೆ. ಈಗ 74 ವರ್ಷದ ತಾಯಿ, ಪತ್ರಿಕೆಯಲ್ಲಿ ಓದಿ, ತಾವೂ ಲಿವಿಂಗ್ ವಿಲ್ (ಚೇತರಿಕೆ ಸಾಧ್ಯವಿಲ್ಲದ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಪತ್ರ) ಬರೆದಿಡುತ್ತೇನೆ ಎನ್ನುತ್ತಿದ್ದಾರೆ. ಸಭೆಯ ಹಿರಿಯರೊಬ್ಬರು ಅದು ಅವಿಶ್ವಾಸ ಎಂದರು. ದಯಾಮರಣವನ್ನು ವಿರೋಧಿಸುವ ನಾವು ಇದನ್ನು ಒಪ್ಪಬಹುದೇ?

ಉತ್ತರ: ಪ್ರಿಯ ಸಹೋದರಿ, ನೇರವಾದ ಉತ್ತರವನ್ನು ಮೊದಲು ಹೇಳಿಬಿಡುತ್ತೇನೆ. ನೀವು ಬರೆದಿರುವ ಸಂಗತಿಗಳು ಇದ್ದದ್ದು ಇದ್ದಂತೆಯೇ ಇದ್ದರೆ, ನೀವು ನಿಮ್ಮ ತಂದೆಯವರನ್ನು ಕೊಂದಿಲ್ಲ. ನಿಮ್ಮ ತಾಯಿಯವರು ಬರೆಯಬೇಕೆಂದಿರುವ ಪತ್ರವೂ ತನ್ನಷ್ಟಕ್ಕೆ ಪಾಪವಲ್ಲ. ಅದರಲ್ಲಿ ಏನನ್ನು ಬರೆಯುತ್ತಾರೆ, ಯಾವ ಕಾರಣಕ್ಕೆ ಬರೆಯುತ್ತಾರೆ ಎಂಬುದನ್ನು ಮಾತ್ರ ನೀವು ಅವರೊಂದಿಗೆ ಕುಳಿತು ನಿಧಾನವಾಗಿ ಮಾತಾಡಬೇಕು. ದಯಾಮರಣವನ್ನು ನಾವು ವಿರೋಧಿಸುತ್ತೇವೆ, ವಿರೋಧಿಸಲೇಬೇಕು. ಈ ಮಾತುಗಳು ಒಂದಕ್ಕೊಂದು ಏಕೆ ವಿರುದ್ಧವಲ್ಲ ಎಂಬುದನ್ನು ತುಸು ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ನಮ್ಮ ಸಭೆಗಳಲ್ಲಿ ಈ ವಿಷಯವನ್ನು ಕಲಿಸುವವರು ಕಡಿಮೆ, ತೀರ್ಪು ಕೊಡುವವರು ಹೆಚ್ಚು.

ಮೊದಲು ಕಾನೂನು ಏನು ಹೇಳಿದೆ ಎಂಬುದನ್ನು ನೋಡೋಣ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು, ಚೇತರಿಸಿಕೊಳ್ಳುವ ಸಾಧ್ಯತೆಯೇ ಇಲ್ಲದ ರೋಗಿಗೆ ಜೀವರಕ್ಷಕ ಯಂತ್ರಗಳ ನೆರವನ್ನು ನಿಲ್ಲಿಸಲು ಅವಕಾಶವಿದೆ ಎಂದೂ, ಪ್ರಾಯಕ್ಕೆ ಬಂದ ವ್ಯಕ್ತಿ ಸ್ವಸ್ಥ ಮನಸ್ಸಿನಿಂದ ಇದನ್ನು ಮುಂಚಿತವಾಗಿಯೇ ಬರೆದಿಡಬಹುದು ಎಂದೂ ಹೇಳಿತು. ಆಗ ವಿಧಿಸಿದ್ದ ಕ್ರಮ ಎಷ್ಟು ತೊಡಕಾಗಿತ್ತೆಂದರೆ ಅದನ್ನು ಪಾಲಿಸುವುದು ಬಹುತೇಕ ಅಸಾಧ್ಯವಾಗಿತ್ತು. ಆದ್ದರಿಂದ 2023ರ ಜನವರಿಯಲ್ಲಿ ನ್ಯಾಯಾಲಯವೇ ಅದನ್ನು ಸರಳಗೊಳಿಸಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ಚಿಕಿತ್ಸೆ ನಿಲ್ಲಿಸುವ ಹಂತದಲ್ಲಿ ಆಸ್ಪತ್ರೆಯ ಪ್ರಾಥಮಿಕ ವೈದ್ಯಕೀಯ ಮಂಡಳಿ, ಆಮೇಲೆ ದ್ವಿತೀಯ ಮಂಡಳಿ, ಎರಡೂ ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ಮಾಹಿತಿ ಹೋಗಬೇಕು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಹೊರಡಿಸಿದ ಸುತ್ತೋಲೆ ಈ ಮಂಡಳಿಗಳನ್ನು ರಚಿಸುವ ಬಗ್ಗೆಯೇ. ನಿಮ್ಮ ತಾಯಿಯವರು ಓದಿರುವುದು ಬಹುಶಃ ಇದನ್ನೇ.

ಆ ಸುದ್ದಿ ಬಂದಾಗ ನಮ್ಮ ಕೆಲವು ಸಭಾಪಾಲಕರು "ರಾಜ್ಯದಲ್ಲಿ ದಯಾಮರಣಕ್ಕೆ ಅನುಮತಿ ಸಿಕ್ಕಿಬಿಟ್ಟಿತು" ಎಂದು ಪ್ರಸಂಗಪೀಠದಿಂದಲೇ ಹೇಳಿದ್ದನ್ನು ಕೇಳಿದ್ದೇನೆ. ಅದು ಸರಿಯಲ್ಲ. ಚುಚ್ಚುಮದ್ದು ಕೊಟ್ಟೋ ವಿಷ ಕೊಟ್ಟೋ ರೋಗಿಯ ಪ್ರಾಣ ತೆಗೆಯುವುದು ಭಾರತದಲ್ಲಿ ಇಂದಿಗೂ ಅಪರಾಧ. ನ್ಯಾಯಾಲಯ ಬಿಟ್ಟುಕೊಟ್ಟಿರುವುದು ಸಾಯುತ್ತಿರುವ ದೇಹದ ಮೇಲಿನ ನಿಷ್ಫಲ ಚಿಕಿತ್ಸೆಯನ್ನು ನಿಲ್ಲಿಸಲು ಮಾತ್ರ. ಆ ವ್ಯತ್ಯಾಸವನ್ನು ಕ್ರೈಸ್ತ ಸಭೆಯೂ ಶತಮಾನಗಳಿಂದ ಹಿಡಿದುಕೊಂಡು ಬಂದಿದೆ.

ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ದಯಾಮರಣಕ್ಕೆ ತೀರ ಹತ್ತಿರವಾದ ಒಂದು ಪ್ರಸಂಗವಿದೆ. ಗಿಲ್ಬೋವ ಬೆಟ್ಟದ ಯುದ್ಧದಲ್ಲಿ ಇಸ್ರಾಯೇಲಿನ ಅರಸನಾದ ಸೌಲನು ಸತ್ತ ಮೇಲೆ ಒಬ್ಬ ಅಮಾಲೇಕ್ಯನು ದಾವೀದನ ಬಳಿಗೆ ಓಡಿಬರುತ್ತಾನೆ. ಅರಸನು ಸಂಕಟದಲ್ಲಿದ್ದನು, ತನ್ನನ್ನು ಕೊಲ್ಲೆಂದು ತಾನೇ ಬೇಡಿಕೊಂಡನು, ಹೇಗೂ ಬದುಕಲಾರನೆಂದು ತಿಳಿದು ಕೊಂದೆನು ಎನ್ನುತ್ತಾನೆ (2 ಸಮುವೇಲ 1). ರೋಗಿಯ ಕೋರಿಕೆ, ತಾಳಲಾಗದ ನೋವು, ಬದುಕುವ ಭರವಸೆ ಇಲ್ಲದ ಸ್ಥಿತಿ: ಇಂದು ದಯಾಮರಣದ ಪರವಾಗಿ ಹೇಳುವ ಮೂರು ವಾದಗಳೂ ಆ ಒಬ್ಬ ಮನುಷ್ಯನ ಬಾಯಲ್ಲಿವೆ. ದಾವೀದನು ಅವುಗಳಲ್ಲಿ ಒಂದನ್ನೂ ಒಪ್ಪಲಿಲ್ಲ, ಅವನಿಗೆ ಮರಣದಂಡನೆ ವಿಧಿಸಿದನು. ಸೌಲನು ಯೆಹೋವನ ಅಭಿಷಿಕ್ತನಾಗಿದ್ದನು ಎಂಬುದು ಆ ತೀರ್ಪಿಗೆ ದಾವೀದನು ಕೊಟ್ಟ ಕಾರಣ, ನಿಜ. ಆದರೆ ಮನುಷ್ಯನ ರಕ್ತವನ್ನು ಸುರಿಸಬಾರದೆಂಬ ಆಜ್ಞೆಗೆ ಆದಿಕಾಂಡ 9:6 ಕೊಡುವ ಕಾರಣ ಅರಸನಿಗೂ ಆಳಿಗೂ ಒಂದೇ: ದೇವರು ಮನುಷ್ಯನನ್ನು ತನ್ನ ಸ್ವರೂಪದಲ್ಲಿ ಉಂಟುಮಾಡಿದನು. ಮಾತು ನಿಂತರೂ, ನೆನಪು ಅಳಿದರೂ, ಹಾಸಿಗೆ ಹಿಡಿದರೂ ಆ ಸ್ವರೂಪ ಹೋಗುವುದಿಲ್ಲ. ಆದ್ದರಿಂದ ಕೊಲ್ಲುವ ಉದ್ದೇಶದಿಂದ ಮಾಡುವ ಯಾವುದನ್ನೂ, ಎಷ್ಟೇ ಕರುಣೆಯ ಮಾತಿನಲ್ಲಿ ಅದನ್ನು ಹೇಳಿದರೂ, ನಾವು ಒಪ್ಪಲಾರೆವು.

ಆದರೆ ಮರಣವನ್ನು ಎಲ್ಲ ಬೆಲೆ ತೆತ್ತಾದರೂ ಮುಂದೂಡಬೇಕೆಂದು ಅದೇ ಸತ್ಯವೇದ ಎಲ್ಲಿಯೂ ಹೇಳುವುದಿಲ್ಲ. ಸಾಯುವುದಕ್ಕೂ ಒಂದು ಸಮಯವಿದೆ ಎನ್ನುತ್ತದೆ ಸತ್ಯವೇದದ ಪ್ರಸಂಗಿ ಗ್ರಂಥ. ನಾಲ್ಕನೆಯ ಶತಮಾನದಲ್ಲಿ ಕೈಸರೈಯದ ಬಿಷಪ್ ಬೆಸಿಲರು ರೋಗಿಗಳಿಗೂ ಬಡವರಿಗೂ ಆಶ್ರಯವಾದ ದೊಡ್ಡ ಸಂಸ್ಥೆಯೊಂದನ್ನು ಕಟ್ಟಿದರು. ಆಸ್ಪತ್ರೆಗಳ ಚರಿತ್ರೆ ಬರೆಯುವವರು ಅದನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಅದೇ ಬೆಸಿಲರು, ವೈದ್ಯವಿದ್ಯೆ ದೇವರ ವರವಾದರೂ ಬದುಕೆಲ್ಲ ದೇಹದ ಚಿಂತೆಯಲ್ಲೇ ಮುಳುಗುವಷ್ಟು ಅತಿಯಾದ ಶ್ರಮವನ್ನು ಬೇಡುವ ಚಿಕಿತ್ಸೆಯನ್ನು ಕ್ರೈಸ್ತನು ಬಿಡಬಹುದೆಂಬ ಅರ್ಥದಲ್ಲಿ ಬರೆದಿದ್ದಾರೆ. ವೆಂಟಿಲೇಟರುಗಳು ಬಳಕೆಗೆ ಬಂದ ಕಾಲದಲ್ಲಿ, 1957ರ ನವೆಂಬರಿನಲ್ಲಿ, ಅರಿವಳಿಕೆ ತಜ್ಞರು ಕೇಳಿದ ಪ್ರಶ್ನೆಗೆ ಹನ್ನೆರಡನೆಯ ಪಯಸ್ ಪೋಪರು ಸ್ಪಷ್ಟವಾಗಿಯೇ ಉತ್ತರಿಸಿದರು: ಜೀವ ಕಾಪಾಡಲು ಸಾಮಾನ್ಯ ಸಾಧನಗಳನ್ನು ಬಳಸುವುದು ಕರ್ತವ್ಯ, ರೋಗಿಗೂ ಕುಟುಂಬಕ್ಕೂ ಮಿತಿಮೀರಿದ ಹೊರೆಯಾಗುವ ಅಸಾಮಾನ್ಯ ಸಾಧನಗಳನ್ನು ಬಳಸಲೇಬೇಕೆಂಬ ಕಟ್ಟಳೆಯಿಲ್ಲ. ನಾನು ಕಥೋಲಿಕನಲ್ಲ, ಪೋಪರ ಅಧಿಕಾರವನ್ನು ಒಪ್ಪುವವನೂ ಅಲ್ಲ. ಆದರೆ ಈ ವಿಚಾರದಲ್ಲಿ ರೋಮಿನ ಬೋಧನೆಗೂ ಸತ್ಯವೇದವನ್ನೇ ಅಂತಿಮ ಪ್ರಮಾಣವೆಂದು ಹಿಡಿಯುವ ನಮ್ಮ ಸಭೆಗಳ ನಿಲುವಿಗೂ ಮೂಲದಲ್ಲಿ ಭೇದವಿಲ್ಲ.

ಹಾಗಾದರೆ ಎರಡರ ನಡುವಿನ ಗೆರೆ ಎಲ್ಲಿದೆ? ನೀವು ನಿಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನಾವು ಹೊರೆ ಎಂದು ತೀರ್ಮಾನಿಸಿದ್ದು ಯಾವುದನ್ನು, ಚಿಕಿತ್ಸೆಯನ್ನೋ ಮನುಷ್ಯನನ್ನೋ? ಗಂಟಲಿನ ಕೊಳವೆ, ದಿನಕ್ಕೆ ಹಲವು ಬಾರಿ ಕಫ ಹೀರುವ ಯಂತ್ರ, ಕೊಳವೆಯನ್ನು ಕಿತ್ತುಕೊಳ್ಳದಂತೆ ಕಟ್ಟಿದ ಕೈಗಳು, ಇವುಗಳಿಂದ ಅಪ್ಪನಿಗೆ ಇನ್ನು ಒಳಿತಿಲ್ಲ ಎಂದು ತಿಳಿದು ನಿಲ್ಲಿಸಿದರೆ ನೀವು ಬಿಟ್ಟದ್ದು ಚಿಕಿತ್ಸೆಯನ್ನು. ಅಪ್ಪ ರೋಗದಿಂದಲೇ ಸಾಯುತ್ತಾರೆ. ಅಪ್ಪ ಇನ್ನೂ ಬದುಕಿರುವುದೇ ತೊಂದರೆ, ಅವರು ಹೋಗಲಿ ಎಂಬ ಉದ್ದೇಶದಿಂದ ಒಂದು ಕೆಲಸ ಮಾಡಿದರೆ, ಅಥವಾ ಮಾಡಬೇಕಾದ್ದನ್ನು ಬಿಟ್ಟರೆ, ಅದು ಬೇರೆಯೇ ಮಾತು. ಹೊರಗಿನಿಂದ ಎರಡೂ ಒಂದೇ ಥರ ಕಾಣಿಸಬಹುದು, ದೇವರ ಮುಂದೆ ಒಂದೇ ಅಲ್ಲ. ಒಂದು ಪರೀಕ್ಷೆಯೂ ಇದೆ. ವೆಂಟಿಲೇಟರ್ ತೆಗೆದ ಮೇಲೂ ಅವರು ಉಸಿರಾಡುತ್ತಾ ಬದುಕಿಬಿಟ್ಟಿದ್ದರೆ ನಿಮಗೆ ಏನನ್ನಿಸುತ್ತಿತ್ತು? ಸಂತೋಷದಿಂದ ಗಂಜಿ ಕುಡಿಸುತ್ತಿದ್ದಿರಾದರೆ, ನಿಮ್ಮ ಉದ್ದೇಶ ಅವರ ಸಾವಾಗಿರಲಿಲ್ಲ.

ನೀವು ಖರ್ಚಿನ ಮಾತನ್ನು ಸಂಕೋಚದಿಂದ ಬರೆದಿದ್ದೀರಿ. ಹಣದ ಯೋಚನೆ ಬಂದದ್ದೇ ತಪ್ಪೆಂದು ನೊಂದುಕೊಳ್ಳಬೇಡಿ. ಪಯಸ್ ಪೋಪರ ಉತ್ತರದಲ್ಲೇ ಕುಟುಂಬದ ಮೇಲಿನ ಹೊರೆಯ ಪ್ರಸ್ತಾಪವಿದೆ ಎಂಬುದನ್ನು ಮೇಲೆ ಹೇಳಿದೆ. ಫಲ ಕೊಡದ ಚಿಕಿತ್ಸೆಗಾಗಿ ಹೊಲ ಮಾರಿ, ತಾಯಿಯ ಮುಂದಿನ ಬದುಕಿಗೆ ಏನೂ ಉಳಿಸದೆ ಹೋಗಬೇಕೆಂದು ದೇವರು ಕೇಳುವುದಿಲ್ಲ. ಗುಣವಾಗುವ ಕಾಯಿಲೆಗೂ ಹಣವಿಲ್ಲದೆ ಚಿಕಿತ್ಸೆ ನಿಲ್ಲಿಸಬೇಕಾಗಿ ಬರುವುದು ಮಾತ್ರ ಅನ್ಯಾಯ. ಆ ಅನ್ಯಾಯಕ್ಕೆ ಉತ್ತರ ಕೊಡಬೇಕಾದವರು ಮನೆಯವರಿಗಿಂತ ಮೊದಲು ಅವರ ಸಭೆ ಮತ್ತು ಸಮಾಜ.

ನಿಮ್ಮಂತೆ ಸಾವಿರಾರು ಕುಟುಂಬಗಳು ಈ ದೇಶದಲ್ಲಿ "ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ" ಎಂಬ ಕಾಗದಕ್ಕೆ ಸಹಿ ಹಾಕಿ ರೋಗಿಯನ್ನು ಮನೆಗೆ ತರುತ್ತವೆ, ಆ ಸಲಹೆಯನ್ನು ಬಾಯಿಮಾತಿನಲ್ಲಿ ಕೊಟ್ಟವರು ವೈದ್ಯರೇ ಆಗಿದ್ದರೂ. ಆಂಬುಲೆನ್ಸಿನಲ್ಲಿ ಯಾರೋ ಒಬ್ಬರು ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ತುಂಬುವ ಚೀಲ) ಒತ್ತುತ್ತಾ ಬರುತ್ತಾರೆ, ಮನೆಯ ಹೊಸ್ತಿಲು ದಾಟಿದ ಮೇಲೆ ಅದನ್ನು ಒತ್ತುವುದನ್ನು ನಿಲ್ಲಿಸುವ ಕೈ ಮಗನದೋ ಮಗಳದೋ ಆಗಿರುತ್ತದೆ. ಉಸಿರಿಗಾಗಿ ಒದ್ದಾಡುವ ರೋಗಿಗೆ ಕೊಡಲು ಮನೆಯಲ್ಲಿ ಔಷಧವೂ ಇರುವುದಿಲ್ಲ. ಎಷ್ಟೋ ಮಕ್ಕಳು ವರ್ಷಗಟ್ಟಲೆ ಹೊತ್ತು ತಿರುಗುವ ಅಪರಾಧಭಾವದ ಮೂಲ ಆ ಗಳಿಗೆಯಲ್ಲಿದೆ. ಮಂಡಳಿಗಳ ಮೂಲಕ ಆಸ್ಪತ್ರೆಯಲ್ಲಿಯೇ, ನೋವು ನಿವಾರಕಗಳ ಸಹಿತ, ಬಹಿರಂಗವಾಗಿ ಈ ನಿರ್ಧಾರ ಆಗುವುದು ಸಾವಿರ ಪಾಲು ಮೇಲು ಎಂಬುದು ನನ್ನ ಅಭಿಪ್ರಾಯ. ಆದ್ದರಿಂದಲೇ ಸಂಪ್ರದಾಯನಿಷ್ಠ ಕ್ರೈಸ್ತನಾಗಿಯೂ ನಾನು ಆ ಸುತ್ತೋಲೆಯನ್ನು ಸ್ವಾಗತಿಸಿದೆ.

ಇನ್ನು ನಿಮ್ಮ ಸಭೆಯ ಹಿರಿಯರ ಮಾತು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬೇಕು. ದೇವರು ಅದ್ಭುತ ಮಾಡಬಲ್ಲನೆಂದು ನಾನೂ ನಂಬುತ್ತೇನೆ. ಸಾಯುವ ಕಾಯಿಲೆ ಬಿದ್ದಿದ್ದ ಅರಸನಾದ ಹಿಜ್ಕೀಯನ ಆಯುಷ್ಯಕ್ಕೆ 15 ವರ್ಷ ಸೇರಿಸಿದ ದೇವರೇ ನಮ್ಮ ದೇವರು. ಆದರೆ ಅವನಿಗೆ ಅದ್ಭುತ ಮಾಡಲು ವೆಂಟಿಲೇಟರ್ ಬೇಕಾಗಿಲ್ಲ. ಲಾಜರನು ಸಮಾಧಿಯಲ್ಲಿ ನಾಲ್ಕು ದಿನ ಇದ್ದ ಮೇಲೆ ಕರ್ತನು ಅವನನ್ನು ಕರೆದನು. ಯಂತ್ರವನ್ನು ನಿಲ್ಲಿಸಿದರೆ ದೇವರ ಕೈ ಕಟ್ಟಿದಂತಾಗುತ್ತದೆ ಎಂಬ ಯೋಚನೆಯಲ್ಲಿ ವಿಶ್ವಾಸ ಇರುವುದು ಯಂತ್ರದ ಮೇಲೆ. ಅರಸನಾದ ಆಸನು ರೋಗದಲ್ಲಿ ಯೆಹೋವನನ್ನು ಆಶ್ರಯಿಸದೆ ವೈದ್ಯರನ್ನೇ ಆಶ್ರಯಿಸಿದನೆಂದು ಪೂರ್ವಕಾಲವೃತ್ತಾಂತ ಹೇಳುವಾಗ, ವೈದ್ಯರ ಬಳಿ ಹೋದದ್ದು ಅವನ ತಪ್ಪಾಗಿರಲಿಲ್ಲ, ಅವರನ್ನೇ ದೇವರ ಸ್ಥಾನದಲ್ಲಿ ಇಟ್ಟದ್ದು ತಪ್ಪಾಗಿತ್ತು. 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಲ್ಲಿ ಧಾರ್ಮಿಕ ನಂಬಿಕೆಯನ್ನು ಹೆಚ್ಚು ನೆಚ್ಚಿದವರೇ ಸಾವಿನ ಹಿಂದಿನ ವಾರದಲ್ಲಿ ವೆಂಟಿಲೇಟರಿನಂಥ ತೀವ್ರ ಚಿಕಿತ್ಸೆಯನ್ನು ಹೆಚ್ಚಾಗಿ ಪಡೆದರೆಂದು ತೋರಿಸಿತು. ಇದನ್ನು ಓದಿದಾಗ ನನಗೆ ದುಃಖವಾಯಿತು. ಪುನರುತ್ಥಾನವನ್ನು ನಂಬುವ ಜನ ಮರಣಕ್ಕೆ ಎಲ್ಲರಿಗಿಂತ ಹೆಚ್ಚು ಹೆದರಿದಂತೆ ಕಾಣಬಾರದು. "ನನಗಂತೂ ಬದುಕುವುದೆಂದರೆ ಕ್ರಿಸ್ತನೇ, ಸಾಯುವುದು ಲಾಭವೇ" ಎಂದು ಪೌಲನು ಬರೆದದ್ದು ಸೆರೆಮನೆಯಿಂದ. ಅವನು ಸಾವನ್ನು ತಾನಾಗಿ ತಂದುಕೊಳ್ಳಲಿಲ್ಲ, ಬಂದಾಗ ಅದರಿಂದ ತಪ್ಪಿಸಿಕೊಳ್ಳಲು ಎಲ್ಲವನ್ನೂ ಪಣಕ್ಕಿಡಲೂ ಇಲ್ಲ.

ಅನ್ನ ನೀರಿನ ವಿಚಾರದಲ್ಲಿ ಮಾತ್ರ ನಾನು ಕಾನೂನಿಗಿಂತ ಬಿಗಿಯಾದ ನಿಲುವಿನವನು. ಮೂಗಿನ ಕೊಳವೆಯ ಮೂಲಕ ಕೊಡುವ ಆಹಾರವನ್ನೂ ಚಿಕಿತ್ಸೆಯೆಂದೇ ಎಣಿಸಿ ನಿಲ್ಲಿಸಲು ಕಾನೂನಿನಲ್ಲಿ ಎಡೆಯಿದೆ. ಸಾವು ಗಂಟೆಗಳ ಅಥವಾ ದಿನಗಳ ಮಾತಾಗಿದ್ದು, ದೇಹವೇ ಆಹಾರವನ್ನು ಒಪ್ಪದಿದ್ದಾಗ ನಿಲ್ಲಿಸುವುದು ಸರಿ. ಆಗ ಬಲವಂತವಾಗಿ ಕೊಟ್ಟರೆ ಹಿಂಸೆಯೇ ಆಗುತ್ತದೆ. ಆದರೆ ಸಾಯದೆ, ಎಚ್ಚರವೂ ಆಗದೆ ವರ್ಷಗಟ್ಟಲೆ ಮಲಗಿರುವವರಿಗೆ ಆಹಾರ ನಿಲ್ಲಿಸಿದರೆ ಅವರು ರೋಗದಿಂದ ಸಾಯುವುದಿಲ್ಲ, ಹಸಿವೆಯಿಂದ ಸಾಯುತ್ತಾರೆ. 2004ರಲ್ಲಿ ಎರಡನೆಯ ಜಾನ್ ಪಾಲ್ ಪೋಪರು ಇದನ್ನೇ ಹೇಳಿದ್ದರು. ಸುವಾರ್ತಿಕ ನೀತಿಶಾಸ್ತ್ರಜ್ಞರಲ್ಲಿ ಭಿನ್ನಾಭಿಪ್ರಾಯವಿದೆ, ನಾನು ಪೋಪರ ಪಕ್ಷದಲ್ಲಿದ್ದೇನೆ.

ಇದನ್ನು ಬರೆಯುವಾಗ ನಮ್ಮ ಉತ್ತರ ಕನ್ನಡದ ಹಳದೀಪುರದ ಮಗಳು ಅರುಣಾ ಶಾನಭಾಗ ನೆನಪಾಗುತ್ತಾರೆ. ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವರ ಮೇಲೆ 1973ರ ನವೆಂಬರಿನಲ್ಲಿ ಅಲ್ಲಿನದೇ ಕೆಲಸಗಾರನೊಬ್ಬ ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದು ಅತ್ಯಾಚಾರ ಎಸಗಿದ. ಮೆದುಳಿಗೆ ಆಮ್ಲಜನಕ ನಿಂತುಹೋಗಿ, ಅವರು ಮತ್ತೆಂದೂ ಮೊದಲಿನಂತಾಗಲಿಲ್ಲ. ಅವರಿಗೆ ಆಹಾರ ನಿಲ್ಲಿಸಲು ಅನುಮತಿ ಕೊಡಿ ಎಂಬ ಅರ್ಜಿ ಸುಪ್ರೀಂ ಕೋರ್ಟಿಗೆ ಹೋದಾಗ, ಬೇಡವೆಂದು ಎದುರು ನಿಂತವರು ಅದೇ ಆಸ್ಪತ್ರೆಯ ದಾದಿಯರು ಮತ್ತು ಸಿಬ್ಬಂದಿ. 2011ರ ಮಾರ್ಚ್ 7ರಂದು ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿತು. ಅಷ್ಟು ವರ್ಷ ಹಾಸಿಗೆಯಲ್ಲೇ ಇದ್ದರೂ ಅವರ ಮೈಮೇಲೆ ಒಂದೇ ಒಂದು ಹಾಸಿಗೆ ಹುಣ್ಣು ಆಗಿರಲಿಲ್ಲವೆಂಬ ವಿವರ ಆ ತೀರ್ಪಿನಲ್ಲಿದೆ. ಹಾಸಿಗೆ ಹಿಡಿದವರನ್ನು ನೋಡಿಕೊಂಡವರಿಗೆ ಆ ಒಂದು ಸಾಲಿನ ಅರ್ಥ ತಿಳಿಯುತ್ತದೆ. ಹಗಲು ರಾತ್ರಿಯೆನ್ನದೆ ಮಗ್ಗುಲು ಬದಲಿಸಬೇಕು, ಒದ್ದೆಯಾದ ಬಟ್ಟೆಯನ್ನು ಕೂಡಲೇ ತೆಗೆಯಬೇಕು, ಬೆನ್ನು ಒರೆಸಿ ಒಣಗಿಸಬೇಕು. ಹೊಸ ದಾದಿಯರ ತಲೆಮಾರುಗಳು ಬಂದವು, ಆ ಸೇವೆ ನಿಲ್ಲಲಿಲ್ಲ. 2015ರ ಮೇ 18ರಂದು ನ್ಯುಮೋನಿಯಾದಿಂದ ಅವರು ತೀರಿಕೊಂಡಾಗ ಹತ್ತಿರ ಹತ್ತಿರ 42 ವರ್ಷಗಳಾಗಿದ್ದವು. ಆ ದಾದಿಯರಲ್ಲಿ ಹೆಚ್ಚಿನವರು ಕ್ರೈಸ್ತರೇನೂ ಆಗಿರಲಿಕ್ಕಿಲ್ಲ. ಆದರೆ ದೇವರ ಸ್ವರೂಪವುಳ್ಳ ಮನುಷ್ಯಳನ್ನು ಹೇಗೆ ಕಾಣಬೇಕೆಂದು ನಾವು ಬೋಧಿಸುವುದನ್ನು ಅವರು ಮಾಡಿ ತೋರಿಸಿದರು.

ಬೇರೆ ದಾರಿ ಹಿಡಿದ ದೇಶಗಳಲ್ಲಿ ಏನಾಯಿತೆಂಬುದನ್ನೂ ನೋಡಬೇಕು. ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂ 2002ರಲ್ಲಿ ದಯಾಮರಣವನ್ನು ಕಾನೂನುಬದ್ಧಗೊಳಿಸಿದವು. ಬೆಲ್ಜಿಯಂ 2014ರಲ್ಲಿ ವಯಸ್ಸಿನ ಮಿತಿಯನ್ನು ತೆಗೆದು ಮಕ್ಕಳಿಗೂ ವಿಸ್ತರಿಸಿತು. ಕೆನಡಾ 2016ರಲ್ಲಿ, ಸಾವು ಸಮೀಪಿಸಿದವರಿಗೆ ಮಾತ್ರ ಎಂದು ಆರಂಭಿಸಿ, 2021ರಲ್ಲಿ ಆ ಷರತ್ತನ್ನೇ ಕೈಬಿಟ್ಟಿತು. ಮಾನಸಿಕ ಕಾಯಿಲೆಯೊಂದೇ ಕಾರಣವಾಗಿರುವವರಿಗೂ ಕೊಡುವ ತೀರ್ಮಾನವನ್ನು 2027ರವರೆಗೆ ಮುಂದೂಡಿದೆ, ಬಿಟ್ಟಿಲ್ಲ. ಬ್ರಿಟನ್ನಿನ ಕೆಳಮನೆ 2025ರ ಜೂನ್ 20ರಂದು ಇಂಥದೇ ಮಸೂದೆಗೆ 314–291 ಮತಗಳಿಂದ ಒಪ್ಪಿಗೆ ಕೊಟ್ಟಿತು. ಆಧುನಿಕ ಹಾಸ್ಪೈಸ್ (ಸಾಯುತ್ತಿರುವವರನ್ನು ನೋವು ತಗ್ಗಿಸಿ ನೋಡಿಕೊಳ್ಳುವ ಆರೈಕೆ ಮನೆ) ಹುಟ್ಟಿದ್ದು ಅದೇ ದೇಶದಲ್ಲಿ ಎಂಬುದು ನನ್ನನ್ನು ಕಾಡುತ್ತದೆ. ನರ್ಸ್ ಆಗಿ ಆಮೇಲೆ ವೈದ್ಯೆಯಾದ ಸಿಸಿಲಿ ಸಾಂಡರ್ಸ್ ಎಂಬ ಭಕ್ತೆ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದು, ದೇಹದ, ಮನಸ್ಸಿನ, ಆತ್ಮದ ನೋವನ್ನು ಒಟ್ಟಾಗಿ ಶಮನಗೊಳಿಸಿದರೆ ಸಾವನ್ನು ಬೇಡುವವರು ಎಷ್ಟು ಕಡಿಮೆ ಎಂದು ತೋರಿಸಿದ್ದರು. ಸಾಯಲು ನೆರವಾಗುವ ಕಾನೂನು ಬಂದ ಕಡೆ ಬದುಕಲು ಬಯಸುವ ವೃದ್ಧರೂ ಅಂಗವಿಕಲರೂ ತಾವು ಇನ್ನೂ ಏಕೆ ಇದ್ದೇವೆಂದು ಸಮರ್ಥಿಸಿಕೊಳ್ಳಬೇಕಾಗುತ್ತದೆ.

ನಮ್ಮಲ್ಲಿ ಅಂಥ ಕಾನೂನಿಲ್ಲ. ಆದರೆ "ನಿಮಗೆಲ್ಲ ಭಾರವಾಗಿದ್ದೇನೆ, ದೇವರು ಬೇಗ ಕರೆದುಕೊಂಡರೆ ಸಾಕು" ಎಂಬ ಮಾತು ನಮ್ಮ ಎಷ್ಟು ಮನೆಗಳ ಒಳಕೋಣೆಗಳಿಂದ ಕೇಳಿಬರುತ್ತದೆ! ಆದ್ದರಿಂದ ನಿಮ್ಮ ತಾಯಿಯವರನ್ನು ಮೊದಲು ಕೇಳಬೇಕಾದದ್ದು ಇದು: "ಅಮ್ಮಾ, ಇದನ್ನು ಯಾಕೆ ಬರೆಯಬೇಕೆನ್ನಿಸಿತು?" ಅಪ್ಪನ ಆ ಮೂರು ವಾರಗಳನ್ನು ನೋಡಿದ್ದೇನೆ, ನನಗೆ ಅದು ಬೇಡ, ಕರ್ತನು ಕರೆದಾಗ ಸಮಾಧಾನದಿಂದ ಹೋಗುತ್ತೇನೆ ಎಂದರೆ ಅದು ವಿಶ್ವಾಸದ ಮಾತು. ಮಕ್ಕಳಿಗೆ ಖರ್ಚಾಗಬಾರದು, ನಾನಿದ್ದು ಯಾರಿಗೇನು ಉಪಯೋಗ ಎಂದರೆ, ಆ ಕಾಗದವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಆಗ ಅವರಿಗೆ ಬೇಕಾದದ್ದು ನೋಟರಿಯಲ್ಲ. ನಿಮ್ಮ ಮನೆಯಲ್ಲಿ ಅವರಿಗಿರುವ ಸ್ಥಾನ ಯಾರ ದಯೆಯೂ ಅಲ್ಲವೆಂದು ಮಾತಿನಲ್ಲಿಯೂ ನಡತೆಯಲ್ಲಿಯೂ ತೋರಿಸುವ ಮಕ್ಕಳು.

ಬರೆಯುವುದೇ ಆದರೆ, "ನನಗೆ ಯಾವ ಚಿಕಿತ್ಸೆಯೂ ಬೇಡ" ಎಂಬ ಒಂದೇ ಸಾಲಿನಲ್ಲಿ ಮುಗಿಸಬೇಡಿ. ಗುಣವಾಗುವ ಕಾಯಿಲೆಗೆ ಚಿಕಿತ್ಸೆ ಬೇಕು. ಗುಣವಾಗುವ ಭರವಸೆಯಿಲ್ಲವೆಂದು ವೈದ್ಯರ ಮಂಡಳಿ ದೃಢಪಡಿಸಿದ ಮೇಲೆ ಮಾತ್ರ ವೆಂಟಿಲೇಟರ್, ಡಯಾಲಿಸಿಸ್, ಎದೆ ಒತ್ತಿ ಹೃದಯವನ್ನು ಮತ್ತೆ ಆರಂಭಿಸುವ ಪ್ರಯತ್ನ ಬೇಡ ಎಂದು ಬರೆಸಿ. ದೇಹ ಒಪ್ಪುವವರೆಗೆ ಅನ್ನ ನೀರು ಕೊಡಬೇಕೆಂದು, ನೋವಿಗೆ ತಕ್ಕ ಔಷಧ ಕೊಡಬೇಕೆಂದು, ಸಭಾಪಾಲಕರು ಬಂದು ಪ್ರಾರ್ಥಿಸಿ ಕರ್ತನ ಭೋಜನ ಕೊಡಲು ಅವಕಾಶವಿರಬೇಕೆಂದು ಸೇರಿಸಿ. ಮಾರ್ಫೀನಿಗೆ ಹೆದರಬೇಡಿ. ನೋವನ್ನು ತಗ್ಗಿಸಲು, ವೈದ್ಯರು ಅಳೆದು ಕೊಡುವ ಮಾರ್ಫೀನ್ ಕೊಲ್ಲುವ ಔಷಧವಲ್ಲ. ನಾಶವಾಗುತ್ತಿರುವವನಿಗೆ ಮದ್ಯವನ್ನು ಕೊಡಿರಿ ಎಂದು ಜ್ಞಾನೋಕ್ತಿಗಳು ಹೇಳುವುದು ಇಂಥ ಸಂಕಟಕ್ಕೇ. 1985ರ ಮಾದಕ ವಸ್ತುಗಳ ಕಾಯ್ದೆಗೆ ಹೆದರಿ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳಲು ಹಿಂಜರಿಯುತ್ತಿದ್ದವು, 2014ರ ತಿದ್ದುಪಡಿ ಆ ಅಡ್ಡಿಯನ್ನು ಬಹಳಷ್ಟು ಸಡಿಲಿಸಿದೆ. ಉಪಶಾಮಕ ಚಿಕಿತ್ಸೆಯ (ರೋಗ ಗುಣವಾಗದಿದ್ದರೂ ನೋವು ಸಂಕಟಗಳನ್ನು ತಗ್ಗಿಸುವ ಚಿಕಿತ್ಸೆಯ) ಘಟಕ ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿದೆ ಎಂಬುದನ್ನು ಈಗಲೇ ವಿಚಾರಿಸಿಡಿ. ಬೆಂಗಳೂರಿನ ಕರುಣಾಶ್ರಯದಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ನಮ್ಮ ಸಭೆಗಳು ಇಂಥ ಒಂದೊಂದು ಮನೆಯನ್ನು ಪ್ರತಿ ಜಿಲ್ಲೆಯಲ್ಲಿಯೂ ಏಕೆ ಕಟ್ಟಿಲ್ಲ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ತಾಯಿಯವರಿಗೆ ಪ್ರಜ್ಞೆ ತಪ್ಪಿದಾಗ ಅವರ ಪರವಾಗಿ ಮಾತಾಡಲು ಒಬ್ಬರಿಗಿಂತ ಹೆಚ್ಚು ಹತ್ತಿರದ ಸಂಬಂಧಿಕರ ಹೆಸರನ್ನು ಆ ಪತ್ರದಲ್ಲಿ ಬರೆಯಬೇಕಾಗುತ್ತದೆ. ಅದರಲ್ಲಿ ಒಂದು ಹೆಸರು ನಿಮ್ಮ ಅಣ್ಣನದಾಗಿರಲಿ. ಅವರ ಆರೋಪ ತಪ್ಪಾದರೂ ಅದರ ಹಿಂದಿರುವುದು ತಂದೆಯ ಕೊನೆಯ ಗಳಿಗೆಯಲ್ಲಿ ತಾನು ಹತ್ತಿರವಿರಲಿಲ್ಲವೆಂಬ ಸಂಕಟ ಇರಬಹುದು. ವೈದ್ಯರು ಆಗ ಕೊಟ್ಟ ಸ್ಕ್ಯಾನ್ ವರದಿ, ಡಿಸ್ಚಾರ್ಜ್ ಕಾಗದಗಳನ್ನು ಅವರ ಮುಂದಿಟ್ಟು, ನಿಮಗೆ ವಿಶ್ವಾಸವಿರುವ ಬೇರೊಬ್ಬ ನರರೋಗ ತಜ್ಞರಿಂದ ವಿವರಣೆ ಕೊಡಿಸಿ. ಆಮೇಲೆ ತಾಯಿಯವರು ತಮ್ಮ ಇಚ್ಛೆಯನ್ನು ಹೇಳುವಾಗ ಮೂವರು ಮಕ್ಕಳೂ ಒಟ್ಟಿಗೆ ಕುಳಿತು ಕೇಳಿಸಿಕೊಳ್ಳಿ. ಅಣ್ಣ ಊರಿಗೆ ಬರಲಾಗದಿದ್ದರೆ ಫೋನಿನಲ್ಲಾದರೂ ಸರಿ, ಆದರೆ ಅವರನ್ನು ಬಿಟ್ಟು ಸಹಿ ಮಾಡಿಸಬೇಡಿ. ಪತ್ರ ಸಿದ್ಧವಾದ ಮೇಲೆ ಒಂದು ಪ್ರತಿ ಸ್ಥಳೀಯ ಸಂಸ್ಥೆಯ ಗೊತ್ತುಪಡಿಸಿದ ಅಧಿಕಾರಿಗೆ, ಒಂದು ಮನೆಯ ವೈದ್ಯರಿಗೆ, ಒಂದು ಅಣ್ಣನ ಕೈಗೆ ತಲುಪಲಿ. ತಾಯಿಯವರ ಮನಸ್ಸು ಮುಂದೆ ಬದಲಾದರೆ ಅದನ್ನು ಯಾವಾಗ ಬೇಕಾದರೂ ಬರೆದು ಹಿಂತೆಗೆದುಕೊಳ್ಳುವ ಹಕ್ಕು ಅವರಿಗಿದೆ ಎಂಬುದನ್ನೂ ಅವರಿಗೆ ತಿಳಿಸಿ.